ಎಚ್ಚರವಿದ್ದವಳ ಒಡಪು

ನನ್ನ ಅತ್ತೆ ನನಗಿಟ್ಟ ಅಡ್ಡಹೆಸರು ‘ಶಕ್ ಬಾಯಿ’, ಅಂದರೆ ಸಂಶಯದ ಹೆಂಗಸು. ಹಾಲಿನವ ಹಾಲು ಹಾಕಿದರೆ ಬೆರಳು ಅದ್ದಿ ನೋಡುತ್ತೇನೆ. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳುತ್ತೇನೆ, ಅವನು ಹೇಳಿದ ಮೇಲೆ ಪಕ್ಕದವರನ್ನೂ ಕೇಳುತ್ತೇನೆ. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಇದೊಂದು ನಗೆಪಾಟಲು. ಆದರೆ ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನನಗೆ ಅನ್ನ ಹಾಕಿದ್ದು ಇದೇ ಗುಣ. ಈಗ ಆ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು ‘ಮೇಡಂ, ನಿಮ್ಮ ಅನುಭವ ಬರೆದುಕೊಡಿ’ ಎಂದಾಗ ಮೊದಲು ಅವರ ಮೇಲೇ ಸಂಶಯ ಬಂತು. ಯಾಕೆ ಕೇಳುತ್ತಿದ್ದಾರೆ? ಇವರ ಕಿವಿಗೆ ಯಾರು ಏನು ಹಾಕಿದ್ದಾರೆ? ಪಾಪ, ಅವರಿಗೆ ಬೇಕಿದ್ದದ್ದು ಗೆದ್ದ ಕಥೆಗಳು. ಅಂಥವು ನನ್ನಲ್ಲಿ ಬೇಕಾದಷ್ಟಿವೆ, ಅವನ್ನು ಚಹಾ ಕುಡಿಯುವಾಗ ಹೇಳಬಹುದು. ಕಾಗದದ ಮೇಲೆ ಬೇರೆಯದನ್ನೇ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾನು ವಾಕ್ ಚಿಕಿತ್ಸಕಿ, ಮಾತು ತಪ್ಪಿದವರಿಗೆ ಮಾತು ಕಲಿಸುವವಳು. ಮೆದುಳಿನ ಎಡಭಾಗದಲ್ಲಿ, ಮಾತಿನ ಜಾಗದ ಮಗ್ಗುಲಲ್ಲೇ ಗಡ್ಡೆ ಬೆಳೆದಿದ್ದರೆ ಅದನ್ನು ತೆಗೆಯುವಾಗ ರೋಗಿ ಎಚ್ಚರವಿರಬೇಕು. ತಲೆಯ ಚರ್ಮ ಮರಗಟ್ಟುವಂತೆ ಸೂಜಿ ಕೊಟ್ಟು, ಮಂಪರಿನಲ್ಲಿಟ್ಟು ಬುರುಡೆ ತೆರೆದು, ಆಮೇಲೆ ಎಬ್ಬಿಸುತ್ತಾರೆ. ಮೆದುಳಿಗೆ ನೋವು ತಿಳಿಯುವುದಿಲ್ಲ. ಸರ್ಜನ್ನರು ಕಡ್ಡಿಯಂಥ ಒಂದು ಸಾಧನದಿಂದ ಮೆದುಳಿನ ಮೇಲೆ ಅಲ್ಲಲ್ಲಿ ತೀರ ಸಣ್ಣ ಕರೆಂಟು ಮುಟ್ಟಿಸುತ್ತಾರೆ. ಹಸಿರು ಬಟ್ಟೆಯ ಈಚೆ, ರೋಗಿಯ ಮುಖಕ್ಕೆ ಮುಖ ಕೊಟ್ಟು ಕೂತು ನಾನು ಚಿತ್ರ ತೋರಿಸುತ್ತಿರುತ್ತೇನೆ. ‘ಇದು ಏನ್ರಿ?’ ‘ಬುಟ್ಟಿ.’ ‘ಇದು?’ ‘ಎತ್ತು.’ ಕರೆಂಟು ಮುಟ್ಟಿದ ಕೂಡಲೇ ಮಾತು ನಿಂತರೆ ಆ ಜಾಗ ಮಾತಿನದು, ಅಲ್ಲಿ ಕೈ ಹಾಕುವಂತಿಲ್ಲ. ಅದರ ಮೇಲೆ ನಂಬರು ಬರೆದ ಸಣ್ಣ ಚೀಟಿ ಇಡುತ್ತಾರೆ. ಹಾಗೆ ಚೀಟಿ ಇಡುತ್ತ ಹೋದರೆ ಆ ಒಬ್ಬ ಮನುಷ್ಯನ ಮಾತಿನ ನಕ್ಷೆ ತಯಾರಾಗುತ್ತದೆ. ಆಮೇಲೆ ಗಡ್ಡೆ ತೆಗೆಯುವಾಗಲೂ ನಾನು ಚಿತ್ರ ತೋರಿಸುವುದನ್ನು ನಿಲ್ಲಿಸುವಂತಿಲ್ಲ. ಮಾತು ತಡವರಿಸಿದರೆ ‘ನಿಲ್ಲಿಸಿ’ ಎನ್ನುವುದು ನನ್ನ ಕೆಲಸ.

ನಮ್ಮ ದೊಡ್ಡ ಡಾಕ್ಟರು ಮೈಸೂರು ಕಡೆಯವರು. ಕೈ ಬಂಗಾರ, ಬಾಯಿ ಮೆಣಸಿನಕಾಯಿ. ನಮ್ಮ ಬೀದರ್ ಸೀಮೆಯ ರೋಗಿ ಬಾಯಿ ತೆರೆದರೆ ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ. ‘ಏನ್ರೀ ಮೇಡಂ, ಈತ ಮಾತಾಡ್ತಿರೋದು ಕನ್ನಡಾನಾ ಉರ್ದುನಾ?’ ಎಂದು ಬಟ್ಟೆಯ ಆಚೆಯಿಂದ ಗದರುತ್ತಿದ್ದರು. ‘ಎರಡೂ ಸರ್, ನಡುನಡುವೆ ಮರಾಠಿ’ ಎನ್ನುತ್ತಿದ್ದೆ. ನಾನು ಹುಮನಾಬಾದಿನಲ್ಲಿ ಹುಟ್ಟಿದವಳು, ಬಸವಕಲ್ಯಾಣದ ಸೊಸೆ. ಹಾಗಾಗಿ ಈ ಕಡೆಯ ರೋಗಿಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದರು. ಅವರ ಮಾತು ಸರಿಯಿದೆಯೋ ಕೆಟ್ಟಿದೆಯೋ ಎಂಬುದಕ್ಕೆ ಆ ಕೋಣೆಯಲ್ಲಿ ನಾನೊಬ್ಬಳೇ ಸಾಕ್ಷಿ.

ಶುರುವಿನಲ್ಲಿ ನಮಗೆ ಪರದೇಶದಿಂದ ಬಂದ ಚಿತ್ರಗಳನ್ನು ಕೊಟ್ಟಿದ್ದರು. ಹಿಮದ ಮನೆ, ಏನೇನೋ ವಾದ್ಯ, ನಮ್ಮವರು ಕಂಡರಿಯದ ಪ್ರಾಣಿಗಳು. ನಾರಾಯಣಪುರದಿಂದ ಒಬ್ಬ ರೈತ ಬಂದಿದ್ದ. ಆಪರೇಶನ್ನಿನ ಹಿಂದಿನ ದಿನ ಪರೀಕ್ಷೆ ಮಾಡಿದರೆ ಎಲ್ಲದಕ್ಕೂ ಟಕಟಕ ಉತ್ತರ. ನನಗೆ ಆಗಲೇ ಶಕ್ ಬರಬೇಕಿತ್ತು, ಬರಲಿಲ್ಲ. ಮರುದಿನ ಮೇಜಿನ ಮೇಲೆ ಅರ್ಧದಷ್ಟು ಚಿತ್ರಗಳಿಗೆ ಬಾಯಿ ಮುಚ್ಚಿಕೊಂಡುಬಿಟ್ಟ. ಡಾಕ್ಟರು ಚೀಟಿಯ ಮೇಲೆ ಚೀಟಿ ಇಟ್ಟರು. ಇಡೀ ಮೆದುಳೇ ಮಾತಿನ ಜಾಗ ಎನ್ನುವ ಹಾಗಾಯಿತು. ನಾನು ಕರೆಂಟು ನಿಲ್ಲಿಸಲು ಹೇಳಿ ಅದೇ ಚಿತ್ರ ಮತ್ತೆ ತೋರಿಸಿದೆ. ಆಗಲೂ ಸುಮ್ಮನೆ.

‘ಯಾಕ್ರಿ ಕಾಕಾ, ನಿನ್ನಿ ಹೇಳಿದ್ರಲ್ಲ?’ ಎಂದೆ.

‘ನಿನ್ನಿ ನಮ್ಮ ಹುಡುಗ ಹಿಂದ ನಿಂತಿದ್ದನಲ್ರಿ, ಅವ ಹೇಳಿಕೊಡ್ತಿದ್ದ. ಇವತ್ತ ಅವನ್ನ ಹೊರಗ ನಿಂದ್ರಿಸೀರಿ’ ಎಂದ, ತಪ್ಪೆಲ್ಲ ನಮ್ಮದೇ ಎನ್ನುವಂತೆ.

ಡಾಕ್ಟರು ನನಗೆ ಬೈದ ಬೈಗುಳ ಇಲ್ಲಿ ಬರೆಯುವಂಥದಲ್ಲ. ಆ ವಾರವೇ ಊರಿಗೆ ಬಂದು ಹುಮನಾಬಾದಿನ ಪೇಟೆ, ಹೊಲ, ಅಡುಗೆಮನೆ ಸುತ್ತಿ ಮೊರ, ಕುಡಗೋಲು, ಬೀಸುಕಲ್ಲು, ಕಾಳು ತುಂಬಿಡುವ ಹಗೆ, ಕೊಡ ಎಲ್ಲದರ ಫೋಟೋ ತೆಗೆಸಿ ನನ್ನದೇ ಚಿತ್ರಗಳನ್ನು ಮಾಡಿಕೊಂಡೆ. ಪರೀಕ್ಷೆಯ ಹೊತ್ತಿಗೆ ಮನೆಯವರನ್ನೆಲ್ಲ ಬಾಗಿಲ ಹೊರಗೆ ಅಟ್ಟುವುದೂ ಅಂದಿನಿಂದಲೇ ಶುರುವಾಯಿತು.

ಇನ್ನೊಂದು ಪಾಠ ಎಣಿಕೆಯದು. ಮೊದಲು ನಾವು ರೋಗಿಗೆ ಒಂದರಿಂದ ಇಪ್ಪತ್ತರ ತನಕ ಎಣಿಸಲು ಹೇಳುತ್ತಿದ್ದೆವು. ಒಬ್ಬಾತ ಕೊನೆಯವರೆಗೂ ಚೆನ್ನಾಗಿ ಎಣಿಸಿದ. ವಾರ್ಡಿಗೆ ಹೋದ ಮೇಲೆ ನೋಡಿದರೆ ನೀರು ಬೇಕೆನ್ನಲೂ ಬರಲಿಲ್ಲ, ಎಣಿಸಲು ಮಾತ್ರ ಬರುತ್ತಿತ್ತು. ಚಿಕ್ಕಂದಿನಿಂದ ಬಾಯಿಪಾಠವಾದದ್ದು ಮೆದುಳಿನಲ್ಲಿ ಬೇರೆ ದಾರಿ ಹಿಡಿದು ಬರುತ್ತದೆ. ಎಣಿಕೆ, ವಾರದ ಹೆಸರು, ಮಗ್ಗಿ, ಪ್ರಾರ್ಥನೆ, ಇವೆಲ್ಲ ಮಾತು ಹೋದ ಮೇಲೂ ಉಳಿಯುತ್ತವೆ. ಕೇಳುವವರಿಗೆ ಮಾತು ಇದೆ ಎಂದೇ ಅನ್ನಿಸುತ್ತದೆ. ನಾನು ದೊಡ್ಡ ಡಾಕ್ಟರ ಜೊತೆ ಜಗಳವಾಡಿ ಎಣಿಕೆ ಬಿಡಿಸಿದೆ. ‘ಬಾಯಿಪಾಠ ನಂಬಬೇಡಿ’ ಎಂದು ನನ್ನ ಕೋಣೆಯ ಗೋಡೆಗೆ ಬರೆದು ಅಂಟಿಸಿದ್ದೆ. ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು.

ಇಷ್ಟು ತಿಳಿದ ನಾನು ಏನು ಮಾಡಿದೆ ಎಂಬುದನ್ನು ಈಗ ಹೇಳುತ್ತೇನೆ.

ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ಕಸ್ತೂರಬಾಯಿ ಬಂದದ್ದು ನಾನು ನಿವೃತ್ತಿಯಾಗುವ ಹಿಂದಿನ ವರ್ಷ. ನಲವತ್ತರ ಆಸುಪಾಸು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಊರಿನ ಹೆಂಗಸರನ್ನು ಕೂಲಿಗೆ ಕರೆದೊಯ್ಯುವ ಮುಕಾದಮ್ ಆಕೆ. ಬೆಳಿಗ್ಗೆ ಓಣಿ ಓಣಿ ತಿರುಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಎಬ್ಬಿಸಿ, ತೊಗರಿ ಕೊಯ್ಲಿಗೋ ಸೋಯಾ ಕಳೆ ತೆಗೆಯಲಿಕ್ಕೋ ಹೊರಡಿಸಬೇಕು. ಯಾವ ಮನೆಯಲ್ಲಿ ಯಾರು ಬಾಣಂತಿ, ಯಾರಿಗೆ ಯಾರ ಜೊತೆ ಮಾತಿಲ್ಲ, ಎಲ್ಲ ನೆನಪಿಟ್ಟು ಕೂಗಬೇಕು. ಒಂದು ದಿನ ಕೂಗುತ್ತ ಕೂಗುತ್ತ ಎದುರಿಗೆ ನಿಂತವಳ ಹೆಸರೇ ಬಾಯಿಗೆ ಬರದೆ ಬವಳಿ ಬಂದು ಬಿದ್ದಿದ್ದಳು. ಎಡಗಡೆ ಕಿವಿಯ ಮೇಲ್ಭಾಗದಲ್ಲಿ ಗಡ್ಡೆ.

ನನ್ನನ್ನು ಮೀರಿಸುವ ಸಂಶಯ ಅವಳದು. ಗುಳಿಗೆ ಕೊಟ್ಟರೆ ಮುರಿದು ಮೂಸುತ್ತಿದ್ದಳು. ಎಚ್ಚರವಿಟ್ಟೇ ಆಪರೇಶನ್ ಮಾಡುತ್ತಾರೆ ಎಂದು ಕೇಳಿದ ಮೇಲಂತೂ ಮುಗಿದೇ ಹೋಯಿತು.

‘ಖರೆ ಹೇಳ್ರಿ ಮೇಡಂ, ತಲಿ ತೆರದಾಗ ನನ್ನ ಕಡಿಂದ ಏನೇನ್ ಮಾತಾಡಸ್ತೀರಿ? ಹೊಟ್ಟಿಯಾಗಿಂದು ಎಲ್ಲ ತಾನ ಹೊರಗ ಬರ್ತದಂತಲ್ಲ. ನಮ್ಮತ್ತಿ ಬಗ್ಗಿ ಏನರೆ ಅಂದುಬಿಟ್ರ?’

‘ಚಿತ್ರ ತೋರಸ್ತೀನಿ, ಹೆಸರು ಹೇಳ್ತೀ. ಅಷ್ಟ ನೋಡವಾ. ನಾ ಹುಮನಾಬಾದದಾಕಿ, ನಿನ್ನ ಮನಿ ಮಾತು ನನಗ್ಯಾಕ?’

‘ಹುಮನಾಬಾದದವ್ರೇನು? ಯಾವ ಓಣಿ?’ ಎಂದು ನನ್ನನ್ನೇ ವಿಚಾರಣೆ ಮಾಡಿದಳು. ಓಣಿ, ಮನೆ, ನನ್ನಣ್ಣನ ಹೆಸರು ಎಲ್ಲ ತಾಳೆಯಾದ ಮೇಲೆ ‘ಹಂಗಾದ್ರ ನೀವ್ ನಮ್ಮವ್ರ ಆದ್ರಿ ಅಕ್ಕಾ. ನಿಮ್ಮ ಮ್ಯಾಲ ಭರೋಸಾ ಇಡ್ತೀನಿ. ಆ ಡಾಕ್ಟರ್ ಮ್ಯಾಲ ಅಲ್ಲ’ ಎಂದಳು. ಅವಳ ಗಂಡ ಶಿವರಾಜ, ಮಾತು ಕಡಿಮೆಯ ಮನುಷ್ಯ, ಗೋಡೆಗೆ ಆತು ನಿಂತು ಎಲ್ಲ ಕೇಳುತ್ತಿದ್ದ.

ಹಿಂದಿನ ದಿನದ ಪರೀಕ್ಷೆಯಲ್ಲಿ ಚಿತ್ರಗಳೆಲ್ಲ ಸರಿ ಬಂದವು. ನೆರೆಮನೆಯವರು, ಮಕ್ಕಳು, ಕೂಲಿಯ ಹೆಂಗಸರು, ನಲವತ್ತು ಹೆಸರು ಒಂದೇ ಉಸಿರಿಗೆ ಹೇಳಿದಳು. ‘ಗಂಡನ ಹೆಸರು?’ ಎಂದರೆ ಸೆರಗು ಬಾಯಿಗೆ ಬಂತು. ಮತ್ತೆ ಕೇಳಿದೆ, ಮತ್ತೆ ಮೌನ. ನಮ್ಮ ಜೊತೆಗಿದ್ದ ಕಿರಿಯ ಡಾಕ್ಟರು ‘ಹೆಸರು ಸಿಗುತ್ತಿಲ್ಲ, ಗಡ್ಡೆಯ ಲಕ್ಷಣ’ ಎಂದು ಬರೆದುಕೊಳ್ಳಲು ಹೊರಟಾಗ ತಡೆದೆ. ಗಂಡನ ಹೆಸರನ್ನು ನೇರವಾಗಿ ತೆಗೆದುಕೊಳ್ಳಬಾರದು ಎಂಬುದು ನಮ್ಮ ಕಡೆ ಈಗಲೂ ಉಳಿದಿರುವ ಪದ್ಧತಿ. ಆದರೆ ಪದ ಕಟ್ಟಿ, ಪ್ರಾಸದ ಒಳಗೆ ಸೇರಿಸಿ ಹೇಳಬಹುದು. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರೆಲ್ಲ ಸುತ್ತಗಟ್ಟಿ ಹೇಳಿಸದೆ ಬಿಡುವುದಿಲ್ಲ. ಅದೇ ಒಡಪು.

‘ಒಡಪ ಹಾಕು ನೋಡೋಣು’ ಎಂದೆ. ಕಸ್ತೂರಿ ಸೊಂಟಕ್ಕೆ ಕೈಯಿಟ್ಟು ಒಂದೇ ದನಿಯಲ್ಲಿ ಹಾಕಿದಳು:

‘ಹೊಲದಾಗ ಬಿಳಿಜ್ವಾಳ, ತೆನಿ ತೆನಿ ತಾಜಾ,
ಹತ್ತು ಮಂದ್ಯಾಗ ಕೇಳಿದ್ರ ನಮ್ಮವರು ಶಿವರಾಜ.’

ಇಡೀ ವಾರ್ಡು ಚಪ್ಪಾಳೆ ಹೊಡೆಯಿತು. ಬಾಗಿಲ ಹೊರಗಿದ್ದ ಶಿವರಾಜ ನಾಚಿ ನೆಲ ನೋಡಿದ. ನಾನು ದೊಡ್ಡ ಡಾಕ್ಟರ ಹತ್ತಿರ ಹೋಗಿ ‘ನೋಡಿದಿರಾ ಸರ್, ರೋಗವಲ್ಲ, ರೂಢಿ’ ಎಂದು ಎದೆಯುಬ್ಬಿಸಿ ಹೇಳಿದೆ. ಅವರೂ ಅಪರೂಪಕ್ಕೆ ‘ಭೇಷ್’ ಎಂದರು. ಆ ಒಂದು ‘ಭೇಷ್’ ನನ್ನ ತಲೆಗೇರಿತು, ಸುಳ್ಳು ಯಾಕೆ ಹೇಳಲಿ?

ಮರುದಿನ ಆಪರೇಶನ್. ನಕ್ಷೆ ಚೆನ್ನಾಗಿ ಆಯಿತು, ಮೂರು ಕಡೆ ಮಾತು ನಿಂತಿತು, ಮೂರು ಚೀಟಿ ಬಿದ್ದವು. ಪ್ರತಿಯೊಂದನ್ನೂ ನಾನು ಸಂಶಯಪಟ್ಟು ಮೂರು ಮೂರು ಸಲ ಮಾಡಿಸಿದೆ. ಗಡ್ಡೆಯ ಬಹುಭಾಗ ಹೊರಗೆ ಬಂತು. ಕೊನೆಯದೊಂದು ತುಣುಕು ಆಳದಲ್ಲಿತ್ತು. ಅಷ್ಟು ಹೊತ್ತಿಗೆ ಕಸ್ತೂರಿ ದಣಿದಿದ್ದಳು. ತುಟಿ ಒಣಗಿತ್ತು, ಚಿತ್ರಗಳಿಗೆ ಉತ್ತರ ತಡವಾಗಿ ಬರುತ್ತಿತ್ತು. ಬೀಸುಕಲ್ಲು ತೋರಿಸಿದರೆ ‘ಬೀ... ಬೀಸ...’ ಎಂದು ನಿಂತಳು. ಈಗ ನಿಲ್ಲಿಸಬೇಕು ಎಂದು ಮನಸ್ಸಿನ ಮೂಲೆಯಲ್ಲಿ ಅನ್ನಿಸಿತು. ದಣಿವಿರಬಹುದು ಎಂದೂ ಅನ್ನಿಸಿತು. ಹುರುಪು ಬರಲೆಂದು ‘ಕಸ್ತೂರಿ, ಒಂದ್ ಒಡಪ ಹಾಕು’ ಎಂದೆ.

ಹಾಕಿದಳು. ತಡೆಯಿಲ್ಲದೆ, ಹಿಂದಿನ ದಿನದ ಹಾಗೆಯೇ, ಹಾಡಿದಂತೆ. ಕೋಣೆಯಲ್ಲಿದ್ದ ಎಲ್ಲರೂ ನಕ್ಕರು.

‘ಮಾತು ಹೇಗಿದೆ ಮೇಡಂ?’ ಎಂದರು ಡಾಕ್ಟರು ಬಟ್ಟೆಯ ಆಚೆಯಿಂದ.

‘ಚೆನ್ನಾಗಿದೆ ಸರ್, ಮುಂದುವರಿಸಿ’ ಎಂದೆ.

ಅವರು ಮುಂದುವರಿಸಿದರು. ಸ್ವಲ್ಪ ಹೊತ್ತಿಗೆ ಕಸ್ತೂರಿ, ನಾನು ಕೇಳದೆಯೇ, ಮತ್ತೊಮ್ಮೆ ಒಡಪು ಹಾಕಿದಳು. ‘ಇವತ್ತ ಗಂಡನ ಹೆಸರು ತಗೊಳ್ಳಾಕ ಪರ್ಮಿಷನ್ ಸಿಕ್ಕದ ನೋಡು ನಿನಗ’ ಎಂದು ಚಾಷ್ಟಿ ಮಾಡಿದೆ. ಮೂರನೆಯ ಸಲ ಹಾಕಿದಾಗಲೂ ನಕ್ಕೆವು. ಚಿತ್ರಗಳ ಕಟ್ಟು ನನ್ನ ತೊಡೆಯ ಮೇಲೇ ಇತ್ತು. ತುಣುಕು ಹೊರಬಂತು. ಆಮೇಲೆ ಚಿತ್ರ ಎತ್ತಿ ಹಿಡಿದೆ. ಕೊಡ. ಅವಳು ನೋಡಿದಳು, ಬಾಯಿ ತೆರೆದಳು. ‘ಹೊಲದಾಗ ಬಿಳಿಜ್ವಾಳ’ ಎಂದಳು. ಎತ್ತು ತೋರಿಸಿದೆ. ‘ತೆನಿ ತೆನಿ ತಾಜಾ.’

ವಾರ್ಡಿನಲ್ಲಿ ಅವಳ ಬಾಯಿಯಿಂದ ಒಡಪು ಬಿಟ್ಟು ಬೇರೇನೂ ಬರಲಿಲ್ಲ. ನೀರು ಬೇಕೆಂದರೂ ಅದೇ, ನೋವಾದರೂ ಅದೇ. ಮಗಳು ಬಂದಾಗ ಅವಳ ಮುಖ ಸವರಿ, ಹೆಸರಿಗಾಗಿ ಒದ್ದಾಡಿ, ಕೊನೆಗೆ ‘ನಮ್ಮವರು ಶಿವರಾಜ’ ಎಂದು ಅತ್ತಳು. ಮೊದಮೊದಲು ಪಕ್ಕದ ಹಾಸಿಗೆಯವರು ನಕ್ಕರು, ಆಮೇಲೆ ನಗಲಿಲ್ಲ. ಮದುವೆಯಾದ ಹದಿನೆಂಟು ವರ್ಷದಲ್ಲಿ ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಅಪರೂಪಕ್ಕೆ, ಒಡಪಿನಲ್ಲಷ್ಟೇ ಕೇಳಿದ್ದ ಶಿವರಾಜ ಈಗ ಅದನ್ನು ಕೇಳಲಾರದೆ ಹೊರಗೆ ಹೋಗಿ ಕೂರುತ್ತಿದ್ದ.

ಮೂರನೆಯ ದಿನ ದೊಡ್ಡ ಡಾಕ್ಟರು ನನ್ನನ್ನು ಒಳಗೆ ಕರೆದರು. ಬೈಯಲಿಲ್ಲ. ‘ಕೊನೆಯ ಅರ್ಧ ಗಂಟೆ ಚಿತ್ರ ತೋರಿಸಿದ್ರಾ?’ ಎಂದು ಮಾತ್ರ ಕೇಳಿದರು.

‘ತೋರಿಸಿದೆ ಸರ್’ ಎಂದೆ.

ಅವರು ನನ್ನನ್ನೇ ನೋಡಿದರು. ‘ಸರಿ, ಹೋಗಿ’ ಎಂದರು. ನಂಬಲಿಲ್ಲ ಎಂದು ನನಗೆ ಗೊತ್ತಾಯಿತು. ಆದರೆ ಅವರು ಮತ್ತೆ ಕೇಳಲಿಲ್ಲ, ಮನೆಯವರ ಮುಂದೆ ನನ್ನ ಹೆಸರೂ ಎತ್ತಲಿಲ್ಲ. ‘ಊತ ಇಳಿದ ಮೇಲೆ ಮಾತು ಬರಬಹುದು, ಜವಾಬ್ದಾರಿ ನನ್ನದು’ ಎಂದರು. ಮೂವತ್ತು ವರ್ಷ ಆ ಮನುಷ್ಯನ ಬಾಯಿಗೆ ಶಾಪ ಹಾಕಿದ್ದೆ ನಾನು.

ಅಂದಿನಿಂದ ಸಂಶಯ ಎನ್ನುವುದು ತಿರುಗಿ ನನ್ನ ಮೇಲೇ ಬಂತು. ಯಾರಾದರೂ ಪಿಸುಗುಟ್ಟಿದರೆ ನನ್ನ ಬಗ್ಗೆಯೇ ಎಂದುಕೊಳ್ಳುತ್ತಿದ್ದೆ. ನರ್ಸು ಕಣ್ಣು ತಪ್ಪಿಸಿದರೆ ಅವಳಿಗೆ ಗೊತ್ತು ಎಂದುಕೊಳ್ಳುತ್ತಿದ್ದೆ. ರಜೆ ಸಿಕ್ಕಾಗಲೆಲ್ಲ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಬಸ್ಸು ಹಿಡಿದು ಹುಡಗಿಗೆ ಹೋಗಿ ಕಸ್ತೂರಿಗೆ ಮಾತು ಕಲಿಸತೊಡಗಿದೆ. ಊರವರೆಲ್ಲ ‘ಎಂಥಾ ದೊಡ್ಡ ಮನಸ್ಸು ಮೇಡಂ ಅವ್ರದು’ ಎಂದರು. ಆ ಮಾತು ಚುಚ್ಚುತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ.

ಒಂದು ಸಲ ಶಿವರಾಜ ನನ್ನನ್ನು ಬಸ್ಸಿಗೆ ಬಿಡಲು ಬಂದವ ಮಾಣಿಕನಗರದಲ್ಲಿ ಚಹಾ ಕುಡಿಸಿದ. ಸುತ್ತ ಆಟೋದವರ ಗದ್ದಲ. ಅವನು ಲೋಟ ಕೆಳಗಿಟ್ಟು ಕೇಳಿದ.

‘ಮೇಡಂ, ಒಂದ್ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ಆ ದೊಡ್ಡ ಡಾಕ್ಟರ್ ಗಡಿಬಿಡಿ ಮಾಡ್ಯಾರ ಅಂತ ನನಗ ಶಕ್ ಅದ. ನೀವ್ ಅಲ್ಲೇ ಇದ್ರಿ. ನಿಮಗ ಹ್ಯಾಂಗ ಅನಸ್ತದ?’

ನಾನು ಚಹಾ ಆರಿಸಿಕೊಳ್ಳುವವಳ ಹಾಗೆ ಲೋಟ ಊದುತ್ತ ಕೂತೆ. ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಮೌನಕ್ಕೆ ಅರ್ಥ ಹಚ್ಚುವುದೇ ಕಸುಬಾಗಿದ್ದವಳು ನಾನು, ಅವನು ಏನು ಅರ್ಥ ಹಚ್ಚಿಕೊಂಡ ಎಂದು ತಿಳಿಯದೆ ಇರುತ್ತದೆಯೇ? ‘ನನಗ ಗೊತ್ತಿತ್ತು ಬಿಡ್ರಿ’ ಎಂದು ತಲೆಯಾಡಿಸಿದ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಕಸ್ತೂರಿಗೆ ಮಾತು ಬಂತು, ಪೂರ್ತಿ ಅಲ್ಲ. ಚಿತ್ರಗಳಿಂದ ಏನೂ ಉಪಯೋಗವಾಗಲಿಲ್ಲ. ಕೂಲಿಯ ಹೆಂಗಸರೇ ಅವಳನ್ನು ಕೈ ಹಿಡಿದು ಒಂದೊಂದು ಬಾಗಿಲಿಗೂ ಕರೆದೊಯ್ದು ನಿಲ್ಲಿಸುತ್ತಿದ್ದರು. ‘ಇದು ಯಾರ ಮನಿ? ಕೂಗು, ಕಸ್ತೂರಕ್ಕ’ ಎಂದು ಕಾಯುತ್ತಿದ್ದರು. ವಾರಕ್ಕೆ ಒಂದು ಹೆಸರು, ಕೆಲವು ವಾರ ಅದೂ ಇಲ್ಲ. ಮಗಳ ಹೆಸರು ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತಿಪ್ಪತ್ತು ಹೆಸರು, ಸಣ್ಣಪುಟ್ಟ ಮಾತು ಬಂದವು, ನಡುನಡುವೆ ನಿಂತು ನಿಂತು. ಓಣಿಯಲ್ಲಿ ಕೂಗಿ ಮಂದಿಯನ್ನು ಹೊರಡಿಸುವಷ್ಟು ಆಗಲಿಲ್ಲ. ಈಗ ಬೇರೆಯವಳು ಕೂಗುತ್ತಾಳೆ. ಕಸ್ತೂರಿ ಅವಳ ಹಿಂದೆ ಎಲ್ಲರ ಜೊತೆ ನಡೆದು ಹೋಗುತ್ತಾಳೆ.

ನಿವೃತ್ತಿಯ ದಿನ ಶಾಲು ಹೊದಿಸಿದರು. ದೊಡ್ಡ ಡಾಕ್ಟರು ಮಾತಾಡುತ್ತ ‘ಇವರ ಕಿವಿಯನ್ನು ನಂಬಿ ನಾನು ಚೂರಿ ಹಿಡಿದವನು’ ಎಂದರು. ಹೊಗಳಿದರೋ ಹಂಗಿಸಿದರೋ ನನಗಿನ್ನೂ ತಿಳಿದಿಲ್ಲ. ಶಾಲು ಮಡಚುವುದರೊಳಗೆ ನಿರ್ಧಾರ ಮಾಡಿದ್ದೆ. ಅದೇ ವಾರ ಹುಡಗಿಗೆ ಹೋದೆ.

ಕಸ್ತೂರಿ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಶಿವರಾಜ ಒಳಗೆ ಚಹಾ ಮಾಡಲು ಹೋದ. ನಾನು ಅವಳ ಎದುರು ನೆಲದ ಮೇಲೆ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಒಂದೂ ನೆನಪಾಗಲಿಲ್ಲ.

‘ಕಸ್ತೂರಿ, ಅವತ್ತಿನ ತಪ್ಪು ಡಾಕ್ಟರದಲ್ಲ, ನಂದು. ಚಿತ್ರ ತೋರಸಬೇಕಿತ್ತು, ತೋರಸಲಿಲ್ಲ. ನಿನ್ನ ಒಡಪ ಕೇಳಿ ಮಾತು ಚೊಲೋ ಅದ, ನಡಸ್ರಿ ಅಂತ ನಾನೇ ಹೇಳ್ದೆ. ಆಮ್ಯಾಲ ಎಲ್ಲರ ಮುಂದ ಮುಚ್ಚಿಟ್ಟೆ.’

ಶಿವರಾಜ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದ. ಕಸ್ತೂರಿ ಮೊರ ಕೆಳಗಿಟ್ಟಳು.

‘ಗೊತ್ತು’ ಎಂದಳು.

‘ಯಾರ್ ಹೇಳಿದ್ರು? ಡಾಕ್ಟರಾ?’ ಆಗಲೂ ನನ್ನ ತಲೆಗೆ ಬಂದದ್ದು ಅದೇ, ಯಾರೋ ಚಾಡಿ ಹೇಳಿದ್ದಾರೆ ಎಂದು.

ಅವಳು ತಲೆಯಾಡಿಸಿ ಇಲ್ಲ ಎಂದಳು. ‘ನಾ... ಎಚ್ಚರ... ಇದ್ದೆನಲ್ಲ ಅಕ್ಕಾ.’

ಅವಳು ಒಂದೊಂದೇ ಮಾತನ್ನು ಹುಡುಕಿ ಹುಡುಕಿ ತೆಗೆದಳು. ಅವಸರ ಮಾಡಲಿಲ್ಲ.

‘ಒಂದು... ಒಡಪ ಹಾಕ್ದೆ. ನೀವ್ ಕೇಳಿದ್ರಿ, ಹಾಕ್ದೆ. ಎಲ್ಡನೇದು... ನಾ ಹಾಕಲಿಲ್ಲ.’

‘ಮತ್ತ?’

‘ಸಾಕ್ರಿ... ಬಿಡ್ರಿ ಅಂದೆ. ಏನೋ... ಹೋಗಾಕತ್ತದ ಅಂದೆ. ಬಾಯಾಗ... ಒಡಪ ಬಂತು.’ ಅವಳು ನನ್ನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು. ‘ಮೂರನೇ ಸಲಾನೂ... ಅಂದೆ. ನೀವ್ ನಕ್ಕಿರಿ.’

ಶಿವರಾಜ ಬಂದು ಕಪ್ಪುಗಳನ್ನು ನಮ್ಮಿಬ್ಬರ ನಡುವೆ ಇಟ್ಟ. ಕುಡೀರಿ ಎಂದು ಗಂಡ ಹೆಂಡತಿ ಇಬ್ಬರೂ ಹೇಳಲಿಲ್ಲ.